ಗೋಣಿಕೊಪ್ಪದಲ್ಲಿ ತರಬೇತಿ ಕೇಂದ್ರ ತೆರೆಯಬೇಕು, ಫ್ರಾಂಚೈಸಿ ತಗೊಳ್ಳಲಾ?

ಪ್ರಶ್ನೆ (ಗೋಣಿಕೊಪ್ಪದ ಸದಸ್ಯೆ):
ಸರ್, ನಮಸ್ತೆ. ಎಂಟು ವರ್ಷ ಶಾಲೆಯಲ್ಲಿ ಕಂಪ್ಯೂಟರ್ ಹೇಳಿಕೊಟ್ಟೆ, ಮಗು ಆದ ಮೇಲೆ ಬಿಟ್ಟೆ. ಈಗ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಕೋಣೆ ಬಾಡಿಗೆಗೆ ಸಿಕ್ಕಿದೆ. ಓದು ಅರ್ಧಕ್ಕೆ ನಿಂತವರು, ಮನೆಯಲ್ಲೇ ಇರುವ ಹೆಂಗಸರು, ಇಂಥವರಿಗೆ ತರಬೇತಿ ಕೊಡಬೇಕೆಂದಿದ್ದೇನೆ. ಒಂದು ಕಂಪನಿಯವರು ಒಂದೂವರೆ ಲಕ್ಷ ಕಟ್ಟಿದರೆ ಫ್ರಾಂಚೈಸಿ ಕೊಡುತ್ತಾರಂತೆ. ಸರ್ಟಿಫಿಕೇಟ್ ಅವರದ್ದು. ‘ಕೆಲಸ ಗ್ಯಾರಂಟಿ’ ಅಂತ ಬೋರ್ಡ್ ಹಾಕಿ, ಜನ ತಾನಾಗಿ ಬರ್ತಾರೆ ಅಂತಾರೆ. ನಿಮ್ಮನ್ನು ಕೇಳದೆ ಸಹಿ ಹಾಕಲು ಧೈರ್ಯ ಬರಲಿಲ್ಲ.

ಉತ್ತರ (ಕುಶಾಲನಗರದಲ್ಲಿ ಕೇಂದ್ರ ನಡೆಸುವವರು):
ಮೇಡಂ, ಸದ್ಯಕ್ಕೆ ಸಹಿ ಹಾಕಬೇಡಿ. ಶುರುವಿನಲ್ಲಿ ನಾನೂ ಇಂಥದ್ದೇ ಒಂದು ಕಂಪನಿಗೆ ದುಡ್ಡು ಕಟ್ಟಿದ್ದೆ. ಪ್ರತಿ ವಿದ್ಯಾರ್ಥಿಯ ಫೀಸಿನಲ್ಲಿ ಅವರಿಗೆ ಪಾಲು, ಪುಸ್ತಕ ಅವರಿಂದಲೇ ಕೊಳ್ಳಬೇಕು, ಸರ್ಟಿಫಿಕೇಟಿಗೆ ಬೇರೆ ಹಣ. ಕೊನೆಗೆ ನನ್ನ ಹತ್ತಿರ ಕಲಿತ ಹುಡುಗಿಯೊಬ್ಬಳು ಆ ಕಾಗದ ಹಿಡಿದು ಇಂಟರ್‌ವ್ಯೂಗೆ ಹೋದಳು, ಇದಕ್ಕೆ ಯಾರ ಮಾನ್ಯತೆ ಇದೆ ಎಂದು ಕೇಳಿ ವಾಪಸ್ ಕಳಿಸಿದರು. ಅವಳ ಮುಖ ನೋಡಲು ನನಗೆ ಆಗಲಿಲ್ಲ.

ಆದ್ದರಿಂದ ಮೊದಲ ಪ್ರಶ್ನೆ ಇದು: ಸರ್ಟಿಫಿಕೇಟ್ ಕೊಡುವ ಸಂಸ್ಥೆಗೆ ಎನ್‌ಸಿವಿಇಟಿ (ವೃತ್ತಿ ತರಬೇತಿಗೆ ಮಾನ್ಯತೆ ಕೊಡುವ ಕೇಂದ್ರ ಸರ್ಕಾರದ ಮಂಡಳಿ) ಮಾನ್ಯತೆ ಇದೆಯಾ? ಕೌಶಲ್ಯ ಕೋರ್ಸುಗಳನ್ನು ಹಂತಗಳಾಗಿ ವಿಂಗಡಿಸುವ ರಾಷ್ಟ್ರೀಯ ಚೌಕಟ್ಟು ಎನ್‌ಎಸ್‌ಕ್ಯೂಎಫ್, ಕೋರ್ಸ್ ಅದರಲ್ಲಿ ಎಷ್ಟನೇ ಹಂತದ್ದು? ‘ನಮಗೆ ಐಎಸ್‌ಒ ಇದೆ’ ಅಂದರೆ ಅದು ಉತ್ತರವಲ್ಲ. ಐಎಸ್‌ಒ ಇರುವುದು ಕಚೇರಿ ನಡೆಸುವ ಕ್ರಮಕ್ಕೆ, ಕೋರ್ಸಿನ ಮಾನ್ಯತೆಗೆ ಅಲ್ಲ.

ಗ್ಯಾರಂಟಿ ಬೋರ್ಡ್ ಅಂತೂ ಬೇಡವೇ ಬೇಡ. ಕೋಚಿಂಗ್ ಕ್ಷೇತ್ರದ ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಮಾರ್ಗಸೂಚಿ ತಂದಿದೆ. ಕೆಲಸ, ಸಂಬಳದ ಸುಳ್ಳು ಭರವಸೆಯೂ ಅದರಲ್ಲಿ ಬರುತ್ತದೆ. ಬೋರ್ಡಿನ ಮೇಲೆ ಇರುವುದು ನಿಮ್ಮ ಹೆಸರು, ಕಂಪನಿಯದ್ದಲ್ಲ.

ಇನ್ನು ಲೆಕ್ಕ. ಮೂರು ತಿಂಗಳ ಕೋರ್ಸಿಗೆ 4,500 ರೂಪಾಯಿ, ಹನ್ನೆರಡು ಜನ ಅಂತ ಇಟ್ಟುಕೊಳ್ಳಿ. ಒಟ್ಟು 54,000, ತಿಂಗಳಿಗೆ 18,000. ಬಾಡಿಗೆ 6,000, ಇನ್ನೊಬ್ಬ ಟೀಚರಿಗೆ 12,000 ಕೊಟ್ಟರೆ ಕರೆಂಟ್ ಬಿಲ್ಲಿಗೂ ಕೈಯಲ್ಲಿ ಕಾಸಿಲ್ಲ. ಮೊದಲ ವರ್ಷ ನೀವೇ ಪಾಠ ಮಾಡಿ, ಬೆಳಿಗ್ಗೆ ಒಂದು, ಸಂಜೆ ಒಂದು ಬ್ಯಾಚ್ ಇಡಿ.

ಕೋರ್ಸ್ ಯಾವುದು ಅನ್ನುವುದೇ ಎಲ್ಲಕ್ಕಿಂತ ದೊಡ್ಡ ವಿಷಯ. ಹೊಲಿಗೆಗೆ ಕೈ ಹಾಕಬೇಡಿ. ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಅದನ್ನು ಊಟ, ವಸತಿ ಸಮೇತ ಉಚಿತವಾಗಿ ಕಲಿಸುತ್ತಾರೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಎಂಬ ತರಬೇತಿ ಸಂಸ್ಥೆಯ ಮಾದರಿ ಅದು, ಚೆನ್ನಾಗಿಯೇ ಕಲಿಸುತ್ತಾರೆ. ಅಂಥ ಆಸೆ ಇರುವವರನ್ನು ನೀವೇ ಅಲ್ಲಿಗೆ ಕಳಿಸಿ.

ನಮ್ಮ ಕೊಡಗು ಜಿಲ್ಲೆಯಲ್ಲಿ ದುಡ್ಡು ಕೊಟ್ಟು ಮಾಡಿಸುವ ಕೆಲಸ ಯಾವುದಿದೆ ನೋಡಿ. ಕಾಫಿ ತೋಟದ ರೈಟರ್ (ಲೆಕ್ಕ ಬರೆಯುವವರು) ಕೆಲಸ, ಹೋಂಸ್ಟೇ ಬುಕಿಂಗ್ ಮತ್ತು ಬಿಲ್, ಅಂಗಡಿಗೆ ಟ್ಯಾಲಿ (ಲೆಕ್ಕ ಇಡುವ ಸಾಫ್ಟ್‌ವೇರ್). ನನ್ನ ಬ್ಯಾಚಿಗೆ ಲೈನ್ ಮನೆಯಿಂದ (ತೋಟದ ಕಾರ್ಮಿಕರ ಸಾಲು ಮನೆ) ಒಬ್ಬರು ಅಕ್ಕ ಬಂದಿದ್ದರು, ಎಸ್‌ಎಸ್‌ಎಲ್‌ಸಿ ಫೇಲ್. ಮೌಸ್ ಹಿಡಿದರೆ ಕೈ ನಡುಗುತ್ತಿತ್ತು, ಬಾಣದ ಗುರುತು ಪರದೆಯ ಮೂಲೆಗೆ ಓಡುತ್ತಿತ್ತು. ಪುಸ್ತಕದ ಪಾಠ ಬದಿಗಿಟ್ಟು, ಅವರದೇ ಗುಂಪಿನವರು ಹಿಂದಿನ ದಿನ ಯಾರ್ಯಾರು ಎಷ್ಟೆಷ್ಟು ಕೆಜಿ ಕಾಫಿ ಹಣ್ಣು ಕುಯ್ದರು ಎಂದು ಎಕ್ಸೆಲ್‌ನಲ್ಲಿ ಹಾಕಿಸಿದೆ. ಮೊತ್ತ ತಾನಾಗಿ ಬಂದಾಗ ತೋಟದಲ್ಲಿ ತೂಕ ಬರೆದುಕೊಟ್ಟ ಚೀಟಿ ತೆಗೆದು ಬೆರಳು ಮಡಚಿ ಕೂಡಿ ನೋಡಿದರು. ‘ಸರ್, ನಮ್ಮ ಚೀಟಿಯಲ್ಲಿ ನಾಲ್ಕು ಕೆಜಿ ಕಡಿಮೆ ಬರೆದಿದ್ದಾರೆ’ ಅಂದರು. ಅವತ್ತಿನಿಂದ ಅವರ ಕೈ ನಡುಗಲಿಲ್ಲ. ಈಗ ಒಂದು ತೋಟದಲ್ಲಿ ಚೆಕ್‌ರೋಲ್ (ಕಾರ್ಮಿಕರ ಹಾಜರಿ, ಕೂಲಿಯ ಪುಸ್ತಕ) ಅವರೇ ನೋಡಿಕೊಳ್ಳುತ್ತಾರೆ.

ಬ್ಯಾಚ್ ಶುರು ಮಾಡುವ ಕಾಲವೂ ಮುಖ್ಯ. ಡಿಸೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಕುಯ್ಲು, ಹಾಜರಿ ಪುಸ್ತಕದ ತುಂಬ ಖಾಲಿ ಮನೆಗಳು. ಜುಲೈ, ಆಗಸ್ಟ್‌ನಲ್ಲಿ ಮಳೆ, ಕರೆಂಟ್ ಇರಲ್ಲ, ದೂರದವರಿಗೆ ಬಸ್ಸಿಲ್ಲ. ಸೆಪ್ಟೆಂಬರ್‌ನಲ್ಲಿ ಕೊಡವರ ಕೈಲ್‌ಪೊಳ್ದ್ ಹಬ್ಬ ಮುಗಿದ ಮೇಲೆ ಒಂದು ಬ್ಯಾಚ್, ಮಾರ್ಚ್‌ನಲ್ಲಿ ಇನ್ನೊಂದು. ಇದನ್ನು ಯಾವ ಫ್ರಾಂಚೈಸಿಯವರೂ ಹೇಳಿಕೊಡುವುದಿಲ್ಲ.

ಪ್ರಶ್ನೆ (ಸೋಮವಾರಪೇಟೆ):
ಅಣ್ಣ, ಜಿಎಸ್‌ಟಿ ಕಟ್ಟಬೇಕಾ?

ಉತ್ತರ:
ಸೇವೆಗೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ. ಆಮೇಲೆ ಇಂಥ ಖಾಸಗಿ ತರಬೇತಿಗೆ 18% ತೆರಿಗೆ. ಮೇಡಂಗೆ ಸದ್ಯ ಆ ಚಿಂತೆ ಇಲ್ಲ. ಪಂಚಾಯಿತಿ ಲೈಸೆನ್ಸ್ ಮಾಡಿಸಿ. ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ) ಉಚಿತ, ಮಧ್ಯವರ್ತಿಗೆ ದುಡ್ಡು ಕೊಡಬೇಡಿ.

ಪ್ರಶ್ನೆ (ಸಿದ್ದಾಪುರ):
ನಾನು ಕಲಿಯಲು ಹೋದವಳು. ಪೂರ್ತಿ 30,000 ಮೊದಲೇ ಕಟ್ಟಿಸಿಕೊಂಡರು. ಒಂದು ತಿಂಗಳಾದ ಮೇಲೆ ಟೀಚರೇ ಇಲ್ಲ. ದುಡ್ಡು ವಾಪಸ್ ಕೇಳಬಹುದಾ?

ಉತ್ತರ:
ಖಂಡಿತ ಕೇಳಬಹುದು ತಂಗಿ. ರಸೀದಿ, ಕರಪತ್ರ, ವಾಟ್ಸಾಪ್ ಮೆಸೇಜು ಯಾವುದನ್ನೂ ಅಳಿಸಬೇಡಿ. ಮೊದಲು ಬರವಣಿಗೆಯಲ್ಲಿ ಕೇಳಿ, ಉತ್ತರ ಬಾರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಇದೆ. ಮೇಡಂ, ನೀವು ಇದನ್ನು ಓದಿ, ಫೀಸನ್ನು ತಿಂಗಳ ಕಂತಿನಲ್ಲೇ ತಗೊಳ್ಳಿ.

ಗೋಣಿಕೊಪ್ಪದ ಸದಸ್ಯೆ:
ಕಂತಿನಲ್ಲೇ ತಗೋತೀನಿ ಸರ್. ಕಂಪನಿಯವರಿಗೆ ಫೋನ್ ಮಾಡಿ ಎನ್‌ಸಿವಿಇಟಿ ವಿಷಯ ಕೇಳಿದೆ, ‘ನಾಳೆ ಹೇಳ್ತೀವಿ’ ಅಂದರು. ಅಗ್ರಿಮೆಂಟ್ ಪ್ರತಿ ನಿಮಗೆ ತಂದು ತೋರಿಸಲಾ?

ಉತ್ತರ:
ತನ್ನಿ. ಮಧ್ಯದಲ್ಲಿ ಬಿಟ್ಟರೆ ಕಟ್ಟಿದ ದುಡ್ಡು ಏನಾಗುತ್ತದೆ ಅಂತ ಬರೆದ ಪುಟಕ್ಕೆ ಗುರುತು ಹಾಕಿಕೊಂಡು ಬನ್ನಿ, ಮೊದಲು ಅದನ್ನೇ ಓದೋಣ.