ಸಹಾಯ ಬೇಕು: ಕಾಲುವೆಯ ಜೊಂಡಿನಲ್ಲಿರುವ ಈ ಜೇಡ ಯಾವುದು?

ಎಲ್ಲರಿಗೂ ನಮಸ್ಕಾರ. ಗಂಗಾವತಿ ತಾಲ್ಲೂಕಿನ ನಮ್ಮ ಭತ್ತದ ಗದ್ದೆಗೆ ತುಂಗಭದ್ರಾ ಎಡದಂಡೆ ಕಾಲುವೆಯಿಂದ ನೀರು ತರುವ ಸಣ್ಣ ಕಾಲುವೆಯ ಜೊಂಡಿನಲ್ಲಿ, ಮೈಯ ಎರಡೂ ಬದಿಗೆ ಬಿಳಿ ಪಟ್ಟಿಯಿರುವ ಕಂದು ಜೇಡವೊಂದು ಮೂರು ದಿನಗಳಿಂದ ಕಾಣಿಸುತ್ತಿದೆ. ಮುಂಗಾಲುಗಳನ್ನು ನೀರಿನ ಮೇಲೆ ಚಾಚಿ ಕುಳಿತಿರುವ ಅದು, ನೀರು ತುಸು ಅಲುಗಿದರೂ ಥಟ್ಟನೆ ಮೇಲ್ಮೈಯಲ್ಲೇ ಓಡುತ್ತದೆ. ನಿನ್ನೆ ಸಂಜೆ ಕಡಲೆಕಾಳಿನಷ್ಟು ದಪ್ಪದ ಮೊಟ್ಟೆಚೀಲವನ್ನು ಬಾಯಲ್ಲಿ ಕಚ್ಚಿ ಎದೆಯಡಿ ಹಿಡಿದುಕೊಂಡು, ಅದು ಎಲ್ಲಿಯೂ ತಾಗದಂತೆ ತುದಿಗಾಲಿನಲ್ಲಿ ನಡೆಯುತ್ತಿತ್ತು.

ತೋಳಜೇಡವಾಗಿದ್ದರೆ ಚೀಲವನ್ನು ಹಿಂಬದಿಗೆ, ನೂಲು ಹೊರಡುವಲ್ಲಿ ಅಂಟಿಸಿಕೊಂಡಿರುತ್ತಿತ್ತು; ಆದ್ದರಿಂದ ಇದು, ಮೊಟ್ಟೆಯೊಡೆಯುವ ಹೊತ್ತಿಗೆ ಎಲೆಗಳ ನಡುವೆ ಬಲೆ ಹೆಣೆದು ಮರಿಗಳನ್ನು ಕಾಯುವ (ನಾನದನ್ನು ತೊಟ್ಟಿಲುಬಲೆ ಎನ್ನುತ್ತೇನೆ) ಪಿಸೌರಿಡೇ ಕುಟುಂಬದ್ದು, ಬಹುಶಃ ನೈಲಸ್ ಕುಲದ್ದು ಎಂಬುದು ನನ್ನ ಅಂದಾಜು. ಬೆನ್ನು ಮತ್ತು ಕಣ್ಣುಗಳ ಸಾಲು ಕಾಣುವಂತೆ ತೆಗೆದ ಎರಡು ಚಿತ್ರಗಳನ್ನು ಹಾಕಿದ್ದೇನೆ. ಪ್ರಭೇದವನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಇನ್ನೊಂದು ಅವಸರದ ವಿಷಯ: ನೀರು ಸರಾಗವಾಗಿ ಹರಿಯಲೆಂದು ಅಣ್ಣ ಸೋಮವಾರ ಜೊಂಡು ಕೀಳಿಸುವವರಿದ್ದಾರೆ. ಮರಿಗಳು ಚದುರುವವರೆಗೆ ಎಷ್ಟು ದಿನ ತಡೆಯಬೇಕು, ಅಥವಾ ಆ ಎರಡು ಮೊಳ ಜಾಗವನ್ನಷ್ಟೇ ಬಿಟ್ಟರೆ ಸಾಕೇ? ಸಿಂಧನೂರು, ಸಿರುಗುಪ್ಪ ಕಡೆಯ ಗದ್ದೆಗಳಲ್ಲಿ ಇದನ್ನು ಕಂಡವರಿದ್ದರೆ ಅವರೂ ತಿಳಿಸಬೇಕಾಗಿ ವಿನಂತಿ.