ಬೀದರ್ ಕೋಟಿ: ಹೊರಗಿನ ಬಾಗಿಲು ಹೊಸದು, ಒಳಗಿಂದು ಹಳೇದು, ಹೆಂಗ?

ಕಲಬುರಗಿ_ಮಂದಿ:
ನಮಸ್ಕಾರ್ರೀ. ಬೀದರ್ ಕೋಟಿ ಹೊರಗಿನ ಬಾಗಿಲು ಶರ್ಜಾ ದರ್ವಾಜಾದ ಮ್ಯಾಲ ಎರಡು ಹುಲಿ ಕೆತ್ತ್ಯಾರಲ್ಲ, ಅದು 1503ರಾಗ ಕಟ್ಟಿದ್ದು ಅಂತ ಓದೀನಿ. ಆದ್ರ ಕೋಟಿ ಕಟ್ಟಿಸಿದಂವ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿ, ಅಂವ ತೀರ್ಕೊಂಡಿದ್ದೇ 1436ರಾಗ. ಹಂಗಿದ್ರ ನಡುವ 60-70 ವರ್ಷ ಕೋಟಿಗೆ ಬಾಗಿಲೇ ಇರ್ಲಿಲ್ಲೇನು?

ಚೌಬಾರಾ_ಹತ್ರ:
ಇತ್ತಲ್ರೀ. ಶರ್ಜಾ ದಾಟಿ ಮುಂದ ಹೋದ್ರ ಗುಂಬಜ್ ದರ್ವಾಜಾ ಸಿಗ್ತದ ನೋಡ್ರಿ, ಅದು ಅಹ್ಮದ್ ಶಾ ಕಾಲದ್ದು, ಗ್ವಾಡಿ ಬುಡದಾಗ ದಪ್ಪ, ಮ್ಯಾಲ ಹೋದಂಗ ಒಳಗ ವಾಲ್ತದ, ತಲಿ ಮ್ಯಾಲ ಗುಂಬಜ್, ದಿಲ್ಲಿಯೊಳಗ ತುಘಲಕ್ ಕಟ್ಟಡ ನೋಡಿದವ್ರಿಗೆ ಲಗೂನ ಗುರ್ತು ಹತ್ತದ. ಶರ್ಜಾದ ಮ್ಯಾಲಿನ ಶಾಸನದಾಗ ಮಹಮೂದ್ ಶಾ ಬಹಮನಿ ಹೆಸರದ, ಅದು ಮುಂದ ಆಮ್ಯಾಲ ಸೇರ್ಸಿದ್ದು.

ಹಳೇಪೇಟಿ:
ಹೆಸರಷ್ಟೇ ಮಹಮೂದ್ ಶಾಂದು. 1481ರಾಗ ಬಹಮನಿ ವಜೀರ ಮಹಮೂದ್ ಗವಾನನ ತಲಿ ಹೊಡಿಸಿದ್ರು, ಅಲ್ಲಿಂದ ರಾಜ್ಯ ಒಡೀಲಿಕ್ಕೆ ಶುರು ಆತು, 1490ರ ಸುಮಾರಿಗೆ ಬಿಜಾಪುರ, ಅಹ್ಮದ್‌ನಗರದವ್ರು ಬ್ಯಾರೆ ಆದ್ರು, ಬೀದರ್‌ನಾಗ ಕಾರಬಾರ ಪೂರಾ ಮಂತ್ರಿ ಕಾಸಿಂ ಬರೀದನ ಕೈಯಾಗ. ಖಜಾನೆ ಖಾಲಿ ಆಗೋ ಟೈಮ್‌ನಾಗ ಹುಲಿ ಕೆತ್ತಿಸಿ ಬಾಗಿಲು ಎಬ್ಬಿಸ್ಯಾರಂದ್ರ ನನಗೇನೋ ಬರೀ ಡೌಲು ಅನಸ್ತದ.

ಚೌಬಾರಾ_ಹತ್ರ:
ಡೌಲು ಇರಬಹುದ್ರೀ, ಅದೊಂದೇ ಅಲ್ಲ ಮತ್ತ. ಅಷ್ಟೊತ್ತಿಗೆ ಮದ್ದು ತೋಪಿನ ಕಾಲ ಬಂದಿತ್ತು, ಹಳೇ ಬಾಗಿಲ ಮುಂದ ಇನ್ನೊಂದು ಇದ್ರ ಬಂದವ್ರು ಎರಡು ಸಲ ಕಾದಾಡಬೇಕು. ಬಂಡಿ ಕಡದು ತೆಗೆದ ಮೂರು ಸಾಲಿನ ಕಂದಕ ನೋಡೀರಿಲ್ಲೋ? ಮಜಾ ಏನಂದ್ರ 1657ರಾಗ ಔರಂಗಜೇಬ ಮುತ್ತಿಗಿ ಹಾಕ್ದಾಗ ಆಟ ಕೆಡಿಸಿದ್ದು ಬುರುಜಿನ ಮದ್ದು, ಅದಕ್ಕ ಬೆಂಕಿ ಹತ್ತಿ ಸಿಡೀತು, ಕಿಲ್ಲೇದಾರ ಸಿದ್ದಿ ಮರ್ಜಾನ್ ಸುಟ್ಟು ಗಾಯ ಆಗಿ ಸತ್ತ. ಬಾಗಿಲು ಎಷ್ಟಿದ್ರೇನು ಮಾಡ್ತೀರಿ.

ಕಲಬುರಗಿ_ಮಂದಿ:
ಹಂಗಾದ್ರ ಫತೇ ದರ್ವಾಜಾನೂ ಅಹ್ಮದ್ ಶಾಂದೇ ಏನ್ರೀ?

ಹಳೇಪೇಟಿ:
ಅಲ್ರೀ, ಭಾಳ ಮಂದಿ ಇದನ್ನ ಕಲಸಿಬಿಡ್ತಾರ. ಅದು ಕೋಟಿದಲ್ಲ, ಊರ ಸುತ್ತಿನ ಗ್ವಾಡಿದು. ಆ ಗ್ವಾಡಿ ಬಹಮನಿಗಳ ನಂತರ ಬೀದರ್ ಆಳಿದ ಬರೀದ್ ಶಾಹಿ ಮನೆತನದ ಅಲಿ ಬರೀದ 1555-58ರಾಗ ಕಟ್ಟಿಸಿದ್ದು. ಅದಕ್ಕ ಐದು ಬಾಗಿಲು, ಫತೇ, ಶಾಹಗಂಜ್, ಮಂಗಲಪೇಟ, ದುಲ್ಹನ್, ತಾಲಘಾಟ್. ಮಂದಿ ಬರೇ ಕೋಟಿ ನೋಡಿ, ಗವಾನನ ಮದರಸಾ ಮುಂದ ಫೋಟೋ ಹೊಡ್ಕೊಂಡು ಬಸ್ ಹತ್ತಿಬಿಡ್ತಾರ, ಮುಂದಿನ ಸಲ ಬಂದ್ರ ಇವನ್ನೂ ಒಂದು ರೌಂಡ್ ಹೊಡೀರಿ.