ಗೊರಕೆ ಮಧ್ಯೆ ಉಸಿರೇ ನಿಲ್ಲುತ್ತದೆ, ಮೆಷಿನ್ ಹಾಕಿಸಲೇಬೇಕಾ?

ಬೆಣ್ಣೆದೋಸೆ_ದಾವಣಗೆರೆ:
ನಮ್ಮ ಯಜಮಾನರಿಗೆ 47 ವರ್ಷ. ಲಾರಿ ಓಡಿಸುತ್ತಾರೆ, ಹೆಚ್ಚಾಗಿ ಹುಬ್ಬಳ್ಳಿ-ಬೆಂಗಳೂರು ಲೋಡು. ಗೊರಕೆ ಮದುವೆ ಆದಾಗಿನಿಂದ ಇದೆ, ನನಗೂ ಒಗ್ಗಿಹೋಗಿದೆ. ಆದರೆ ಈಗೀಗ ಗೊರಕೆ ಏರುತ್ತಾ ಏರುತ್ತಾ ತಟ್ಟನೆ ನಿಲ್ಲುತ್ತದೆ. ಎದೆ ಹೊಟ್ಟೆ ಎಳೆದಾಡುತ್ತಿರುತ್ತದೆ, ಉಸಿರು ಮಾತ್ರ ಇಲ್ಲ. ಅಲುಗಾಡಿಸೋಣ ಅಂತ ಕೈ ಎತ್ತುವಷ್ಟರಲ್ಲಿ ಗೊಳಕ್ ಅಂತ ಸದ್ದು ಮಾಡಿ ಮತ್ತೆ ಶುರು. ಬೆಳಿಗ್ಗೆ ಕೇಳಿದರೆ ಅವರಿಗೆ ಏನೂ ಗೊತ್ತಿರುವುದಿಲ್ಲ. ಎದ್ದ ಕೂಡಲೇ ತಲೆನೋವು, ಬಾಯಿ ಒಣಗಿರುತ್ತದೆ, ರಾತ್ರಿ ಮೂತ್ರಕ್ಕೆ ಏಳುವುದೂ ಜಾಸ್ತಿ. ಬಿಪಿಗೆ ಮೂರು ಥರ ಮಾತ್ರೆ ಕೊಟ್ಟರೂ ಇಳಿದಿಲ್ಲ. ಡಾಕ್ಟರು ಸ್ಲೀಪ್ ಸ್ಟಡಿ (ನಿದ್ದೆಯಲ್ಲಿ ಉಸಿರಾಟ ಅಳೆಯುವ ಟೆಸ್ಟ್) ಮಾಡಿಸಿ, ಸಿಪ್ಯಾಪ್ (ಮಾಸ್ಕ್ ಮೂಲಕ ಗಾಳಿ ಒತ್ತಿ ಗಂಟಲು ತೆರೆದಿಡುವ ಮೆಷಿನ್) ಬೇಕಾಗಬಹುದು ಅಂದರು. ಅತ್ತೆ "ಗೊರಕೆ ಹೊಡೆಯೋನಿಗೆ ಸುಖನಿದ್ದೆ ಕಣಮ್ಮ, ಸುಮ್ನಿರು" ಅನ್ನುತ್ತಾರೆ. ಇವರು "ಮೂಗಿಗೆ ಪೈಪ್ ಹಾಕ್ಕೊಳ್ಳೋಕೆ ನಾನೇನು ಐಸಿಯುನಲ್ಲಿದ್ದೀನಾ" ಅಂತ ರೇಗುತ್ತಾರೆ. ನಿಜವಾಗಿಯೂ ಇದು ಅಷ್ಟು ದೊಡ್ಡ ತೊಂದರೆಯಾ?

ರಾತ್ರಿಪಾಳಿ:
ಸ್ಲೀಪ್ ಲ್ಯಾಬ್‌ನಲ್ಲಿ ಟೆಕ್ನಿಷಿಯನ್ ಆಗಿ ಕೆಲಸ ಮಾಡುತ್ತೇನೆ. ನೀವು ಹೇಳಿದ ಪ್ರತಿಯೊಂದಕ್ಕೂ ಸ್ಲೀಪ್ ಆಪ್ನಿಯಾ, ಅಂದರೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ತೊಂದರೆಯೇ ಕಾರಣ ಇರಬಹುದು ಮೇಡಂ. ನಿದ್ದೆಯಲ್ಲಿ ಗಂಟಲು ಸಡಿಲ ಬೀಳುತ್ತದೆ, ನಾಲಿಗೆ ಹಿಂದಕ್ಕೆ ಜಾರಿ ದಾರಿ ಮುಚ್ಚುತ್ತದೆ. ಆಕ್ಸಿಜನ್ ಇಳಿಯುತ್ತಿದ್ದ ಹಾಗೆ ಮೆದುಳು ತಟ್ಟಿ ಎಬ್ಬಿಸುತ್ತದೆ. ಆ ಗೊಳಕ್ ಸದ್ದು ಅದೇ. ಎಚ್ಚರ ಆಗುವುದು ಕೆಲವೇ ಕ್ಷಣ, ಹಾಗಾಗಿ ನೆನಪಿರುವುದಿಲ್ಲ. ಪ್ರತಿ ಸಲ ಎಬ್ಬಿಸುವಾಗಲೂ ದೇಹ ಗಾಬರಿ ಬಿದ್ದು ಬಿಪಿ ಏರಿಸುತ್ತದೆ, ರಾತ್ರಿಯೆಲ್ಲಾ ಇದೇ ನಡೆದರೆ ಹಗಲಲ್ಲೂ ಅದು ಇಳಿಯುವುದಿಲ್ಲ. ಮುಚ್ಚಿದ ಗಂಟಲಿನ ಎದುರು ಉಸಿರೆಳೆಯುವಾಗ ಹೃದಯದ ಮೇಲಿನ ಕೋಣೆಗಳು ಹಿಗ್ಗುತ್ತವೆ, ಅಲ್ಲಿಂದ ಬರುವ ಹಾರ್ಮೋನು ಮೂತ್ರ ಜಾಸ್ತಿ ಮಾಡಿಸುತ್ತದೆ. ಸಕ್ಕರೆ ಕಾಯಿಲೆ, ಪಾರ್ಶ್ವವಾಯು, ಹೃದಯ ಬಡಿತ ತಪ್ಪುವುದು, ಇವಕ್ಕೂ ಇದಕ್ಕೂ ನಂಟಿದೆ.

ಹತ್ತು ಸೆಕೆಂಡು ಅಥವಾ ಜಾಸ್ತಿ ಉಸಿರು ನಿಂತರೆ ಅಥವಾ ತೀರಾ ಕಡಿಮೆಯಾದರೆ ಅದನ್ನು ಒಂದು ಸಲ ಅಂತ ಎಣಿಸುತ್ತೇವೆ. ಗಂಟೆಗೆ 5ರಿಂದ 15 ಇದ್ದರೆ ಕಡಿಮೆ, 30 ದಾಟಿದರೆ ತೀವ್ರ. ಮೊದಲು ಟೆಸ್ಟ್ ಆಗಲಿ, ಮೆಷಿನ್ ಜಗಳ ಆಮೇಲೆ. ಅವರು ಮಲಗಿದ್ದಾಗ ಮೊಬೈಲ್‌ನಲ್ಲಿ ವಿಡಿಯೋ ಮಾಡಿ ತೋರಿಸಿ, ನಂಬದವರೂ ನಂಬುತ್ತಾರೆ.

ಕಾಫಿಪುಡಿ_ಸಕಲೇಶಪುರ:
ನಾನು ಸಿಪ್ಯಾಪ್ ಹಾಕಿಕೊಂಡೇ ಮಲಗುವವನು. ಮೊದಮೊದಲು ನರಕ ಸರ್. ಗಾಳಿ ಸೋರಿ ಕಣ್ಣಿಗೆ ಹೊಡೆಯುತ್ತಿತ್ತು, ಮೂಗಿನ ಮೇಲೆ ಕೆಂಪು ಗೆರೆ ಬೀಳುತ್ತಿತ್ತು. ಬರೀ ಮೂಗಿನ ಹೊಳ್ಳೆಗೆ ಕೂರುವ ಚಿಕ್ಕ ಮಾಸ್ಕ್‌ಗೆ ಬದಲಾಯಿಸಿದ ಮೇಲೆ ಸರಿಹೋಯಿತು. ಮೆಷಿನ್‌ಗಿಂತ ಮಾಸ್ಕ್ ಆರಿಸುವುದೇ ದೊಡ್ಡ ಕೆಲಸ, ಅಂಗಡಿಯವರು ಕೊಟ್ಟಿದ್ದನ್ನೇ ತಂದು ಮೂಲೆಗೆ ಎಸೆದವರು ಬೇಕಾದಷ್ಟು ಜನ ಇದ್ದಾರೆ. ಬಿಪಿಗಿಂತ ಮೊದಲು ಬದಲಾಗಿದ್ದು ನನ್ನ ಸಿಡುಕು. ಮಕ್ಕಳು ಹೋಂವರ್ಕ್ ಹಿಡಿದು ನನ್ನ ಹತ್ತಿರ ಬರುವುದಕ್ಕೆ ಶುರು ಮಾಡಿದರು ಅಂದರೆ ನೀವೇ ಲೆಕ್ಕ ಹಾಕಿ. ಇನ್ನೊಂದು, ರಾತ್ರಿ ಪೆಗ್ ಹಾಕುವ ಅಭ್ಯಾಸ ಇದ್ದರೆ ಬಿಡಿಸಿ, ಗಂಟಲು ಇನ್ನೂ ಸಡಿಲ ಆಗುತ್ತದೆ. ನಿದ್ದೆ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು.

ಎಲ್ಲದಕ್ಕೂ_ಪುರಾವೆ:
ಅಷ್ಟೊಂದು ಹೊಗಳಬೇಡಿ. 2016ರಲ್ಲಿ ಬಂದ ಸೇವ್ ಅನ್ನುವ ದೊಡ್ಡ ಅಧ್ಯಯನದಲ್ಲಿ ಸಿಪ್ಯಾಪ್ ಹಾಕಿದವರಿಗೆ ಹಾರ್ಟ್ ಅಟ್ಯಾಕ್, ಪಾರ್ಶ್ವವಾಯು ಕಡಿಮೆ ಆಗಲೇ ಇಲ್ಲ. ಬಿಪಿ ಇಳಿಯುವುದೂ ಸರಾಸರಿ ಎರಡು ಮೂರು ಪಾಯಿಂಟ್ ಅಷ್ಟೇ.

ರಾತ್ರಿಪಾಳಿ:
ನಿಜ, ಆದರೆ ಪೂರ್ತಿ ಹೇಳಿ ಸರ್. ಅವರು ಮೆಷಿನ್ ಹಾಕಿದ್ದೇ ರಾತ್ರಿಗೆ ಸರಾಸರಿ 3.3 ಗಂಟೆ. ತೀರಾ ತೂಕಡಿಸುವವರನ್ನು ಅಧ್ಯಯನಕ್ಕೆ ಸೇರಿಸಿಕೊಂಡೇ ಇರಲಿಲ್ಲ. ಅಷ್ಟಾದರೂ ಹಗಲಿನ ತೂಕಡಿಕೆ ಕಡಿಮೆಯಾಯಿತು, ಮನಸ್ಸು ಹಗುರವಾಯಿತು. ಲಾರಿ ಓಡಿಸುವವರಿಗೆ ತೂಕಡಿಕೆಯೇ ಮೊದಲ ಪ್ರಶ್ನೆ ಅಲ್ವಾ? ಬಿಪಿ ಮಾತ್ರೆಗೆ ಬಗ್ಗದವರಲ್ಲಿ ಇನ್ನೂ ಚೆನ್ನಾಗಿ ಇಳಿಯುವುದೂ ಉಂಟು.

ಮಲ್ಲಿಗೆ_ಮೊಗ್ಗು:
ದಪ್ಪ ಇರುವ ಗಂಡಸರಿಗೆ ಮಾತ್ರ ಬರುತ್ತದೆ ಅಂದುಕೊಳ್ಳಬೇಡಿ. ನಾನು ತೆಳ್ಳಗಿದ್ದೇನೆ, ಮುಟ್ಟು ನಿಂತ ಮೇಲೆ ಶುರುವಾಯಿತು. ಗೊರಕೆ ಅಷ್ಟೇನೂ ಇರಲಿಲ್ಲ, ಬರೀ ಸುಸ್ತು ಮತ್ತು ಮರೆವು. ಥೈರಾಯ್ಡ್, ಟೆನ್ಷನ್ ಅಂತೆಲ್ಲಾ ಮಾತ್ರೆ ನುಂಗಿ ಆಮೇಲೆ ಗೊತ್ತಾಗಿದ್ದು. ಗದ್ದ ಹಿಂದಕ್ಕೆ ಇರುವುದು ಕಾರಣವಂತೆ. ನನಗೆ ಕೆಳದವಡೆ ಮುಂದಕ್ಕೆ ಹಿಡಿಯುವ ಕ್ಲಿಪ್ ಥರದ್ದು ಡೆಂಟಿಸ್ಟ್ ಮಾಡಿಕೊಟ್ಟರು, ತೀವ್ರ ಇರುವವರಿಗೆ ಅದು ಸಾಲದು ಅಂತಲೂ ಹೇಳಿದರು.

ಬೆಣ್ಣೆದೋಸೆ_ದಾವಣಗೆರೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ವಿಡಿಯೋ ಮಾಡುತ್ತೇನೆ. ಹೋದ ವಾರ ಟೋಲ್ ಕ್ಯೂನಲ್ಲಿ ಸ್ಟೇರಿಂಗ್ ಹಿಡಿದೇ ನಿದ್ದೆ ಹೋಗಿದ್ದರಂತೆ, ಕ್ಲೀನರ್ ಹುಡುಗ ಹೇಳಿದ. ಆದರೆ ಅರ್ಧ ರಾತ್ರಿಗಳು ಕ್ಯಾಬಿನ್‌ನಲ್ಲೇ ಮಲಗುವವರಿಗೆ ಮೆಷಿನ್‌ಗೆ ಕರೆಂಟ್ ಎಲ್ಲಿಂದ?

ರಾತ್ರಿಪಾಳಿ:
ಹಾಗಿದ್ದರೆ ಟೆಸ್ಟ್ ಆಗಿ ಚಿಕಿತ್ಸೆ ಹಿಡಿತಕ್ಕೆ ಬರುವ ತನಕ ಗಾಡಿ ಬೇರೆಯವರು ಓಡಿಸಲಿ, ಇದನ್ನು ಡಾಕ್ಟರ ಬಾಯಲ್ಲೇ ಹೇಳಿಸಿ. ಕರೆಂಟ್ ಸಮಸ್ಯೆ ಅಲ್ಲ. ಎಷ್ಟೋ ಮೆಷಿನ್‌ಗೆ ಗಾಡಿ ಬ್ಯಾಟರಿಯಿಂದ ನಡೆಸುವ ಕನ್ವರ್ಟರ್ ಸಿಗುತ್ತದೆ, ನಿಮ್ಮ ಮಾಡೆಲ್‌ಗೆ ಇದೆಯಾ, ಲಾರಿಯ 24 ವೋಲ್ಟ್‌ಗೆ ಹೊಂದುತ್ತದಾ ಅಂತ ಕೊಳ್ಳುವ ಮೊದಲೇ ಕೇಳಿ. ನೀರು ಬಿಸಿ ಮಾಡುವ ಹ್ಯುಮಿಡಿಫೈಯರ್ ಆಫ್ ಮಾಡಿದರೆ ಬ್ಯಾಟರಿ ಜಾಸ್ತಿ ಹೊತ್ತು ಬರುತ್ತದೆ.